ವೇಷ ಇಳಿಯುವ ತನಕ ನೀರಿಲ್ಲ

ನನ್ನ ತಮ್ಮನ ಎರಡು ಕಿಡ್ನಿಯೂ ಕೆಲಸ ಬಿಟ್ಟಿವೆ. ವಾರಕ್ಕೆ ಎರಡು ಸಲ ಅವನನ್ನು ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತೇನೆ. ಅವನು ಒಳಗೆ ಮಲಗಿರುವಷ್ಟು ಹೊತ್ತೂ ನಾನು ಆಚೆ ಬೆಂಚಿನ ಮೇಲೆ ಕೂತಿರಬೇಕು. ಅಲ್ಲಿ ಕೂತೇ ಇದನ್ನು ಬರೆದದ್ದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ನಿಧಾನಕ್ಕೆ ಬರೆಯುತ್ತೇನೆ. ಅಲ್ಲಿ ನಿಧಾನ ಮಾಡಿದರೆ ಕೇಳುವವರೂ ಇಲ್ಲ.

ಯಾರಾದರೂ ಏನಾಯಿತು ಅಂತ ಕೇಳಿದರೆ ಸಕ್ಕರೆ ಕಾಯಿಲೆ ಎನ್ನುತ್ತೇವೆ. ಸುಳ್ಳಲ್ಲ. ಆದರೆ ಸಕ್ಕರೆ ಕಾಯಿಲೆ ನಮ್ಮ ಊರಲ್ಲಿ ಮನೆಗೊಬ್ಬರಿಗಿದೆ, ಅವರೆಲ್ಲ ಓಡಾಡಿಕೊಂಡು ಜಗಳ ಆಡಿಕೊಂಡು ಇದ್ದಾರೆ. ಇವನನ್ನು ಮಲಗಿಸಿದ್ದು ಒಂದು ಸಿನಿಮಾ ಡ್ರೆಸ್ಸು. ಡ್ರೆಸ್ಸಿನ ತಪ್ಪೂ ಪೂರ್ತಿ ಅಲ್ಲ. ಡ್ರೆಸ್ಸು ಹಾಕಿಕೊಂಡ ಮೇಲೆ ಇವನು ಹಿಡಿದ ನೇಮದ್ದು.

ನೇಮ ಏನು ಅಂತ ಹೇಳಬೇಕಾದರೆ ಹಳೆಯದಕ್ಕೆ ಹೋಗಬೇಕು. ನಮ್ಮ ಕಡೆ ಕೇಳಿಕೆ ಅಂತ ಆಟ ಆಡುತ್ತಿದ್ದರು. ಬಯಲಲ್ಲಿ ಚಪ್ಪರ ಹಾಕಿ, ಮದ್ದಳೆ, ತಾಳ, ಹಾರ್ಮೋನಿಯಂ ಇಟ್ಟುಕೊಂಡು, ಬಣ್ಣ ಬಳಿದುಕೊಂಡು ದೇವರ ಕತೆ ಆಡುವುದು. ಹಾಡು ತೆಲುಗಿನಲ್ಲಿ, ಮಾತು ಕನ್ನಡದಲ್ಲಿ, ನಡುವೆ ಬೈಗುಳ ಯಾವುದರಲ್ಲಿ ಬಂದರೂ ಸರಿ. ನಮ್ಮ ಊರಿನ ಆಟದಲ್ಲಿ ನರಸಿಂಹಸ್ವಾಮಿ ವೇಷ ನಮ್ಮ ಮನೆಯದು. ಅಪ್ಪ ಕಟ್ಟುತ್ತಿದ್ದ, ಆಮೇಲೆ ತಮ್ಮ ಕಟ್ಟಿದ. ಮರದಲ್ಲಿ ಕೆತ್ತಿದ ಸಿಂಹದ ಮುಖವಾಡ. ಅದು ದೇವಸ್ಥಾನದ ಪೆಟ್ಟಿಗೆಯಲ್ಲೇ ಇರುತ್ತಿತ್ತು, ಪೂಜೆ ಮಾಡಿ ತೆಗೆಯಬೇಕು. ಕಟ್ಟುವವನು ಮುಂಚಿನ ದಿನಗಳಲ್ಲಿ ಮಾಂಸ, ಮೊಟ್ಟೆ ಮುಟ್ಟಬಾರದು, ಚಾಪೆಯ ಮೇಲೆ ಮಲಗಬೇಕು, ಆಟದ ದಿನ ಉಪವಾಸ ಇರಬೇಕು. ಮುಖವಾಡ ಕಟ್ಟಿದ ಮೇಲಂತೂ ಬಾಯಿಗೆ ಏನೂ ಇಲ್ಲ. ಗುಟುಕು ನೀರಿಲ್ಲ, ಉಗುಳುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಮಂಗಳ ಹಾಡಿ, ಆರತಿ ಎತ್ತಿ, ಮುಖವಾಡ ಇಳಿಸಿದ ಮೇಲೇ ನೀರು. ವೇಷದಲ್ಲಿದ್ದಾಗ ನಮ್ಮಮ್ಮನೂ ತಮ್ಮನ ಕಾಲಿಗೆ ಬೀಳುತ್ತಿದ್ದಳು. ಮಾರನೆಯ ದಿನ ಅದೇ ಅಮ್ಮ, ಸೊಪ್ಪು ಕೊಯ್ಯಲು ತಡವಾಗಿ ಎದ್ದ ಅಂತ ಅವನಿಗೆ ಪೊರಕೆ ತೋರಿಸುತ್ತಿದ್ದಳು.

ಆ ವೇಷ ಬರುವುದು ಆಟದ ಕೊನೆಗೆ, ಬೆಳಗಿನ ಜಾವದ ತಂಪಿನಲ್ಲಿ, ಸ್ವಲ್ಪ ಹೊತ್ತು. ನೇಮ ಮಾಡಿಟ್ಟ ಹಿರಿಯರಿಗೆ ಅಷ್ಟು ಬುದ್ಧಿ ಇತ್ತು. ಬಿಸಿಲಿಗೆ ಹೊಂದಿಸಿ ಮಾಡಿದ ನೇಮ ಅಲ್ಲ ಅದು.

ಆಟ ನಿಂತು ಬಹಳ ವರ್ಷವಾಯಿತು. ಮದ್ದಳೆ ಬಾರಿಸುವವನು ಸತ್ತ, ಹಾರ್ಮೋನಿಯಂಗೆ ಇಲಿ ಬಿತ್ತು, ಕೂತು ನೋಡುವವರು ಕೈಯಲ್ಲಿ ಮೊಬೈಲು ಹಿಡಿದರು. ಮುಖವಾಡ ಪೆಟ್ಟಿಗೆಯೊಳಗೇ ಗೆದ್ದಲು ತಿಂದು ಪುಡಿಯಾಯಿತು. ತಮ್ಮ ಅದರ ವಿಷಯ ಮಾತಾಡುತ್ತಿರಲಿಲ್ಲ. ಅವನಿಗೆ ಮದುವೆಯೂ ಆಗಲಿಲ್ಲ. ಹೆಣ್ಣು ಕೇಳಲು ಹೋದ ಕಡೆಯೆಲ್ಲ, ನರಸಿಂಹಸ್ವಾಮಿ ಕಟ್ಟುವ ಗಂಡು, ಸಿಟ್ಟು ಜಾಸ್ತಿ ಇರುತ್ತದೆ ಅಂತ ಹಿಂದೆ ಸರಿದರು. ಅವನಿಗೆ ಸಿಟ್ಟೇ ಇಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ನಾನು ಗಂಡ ಸತ್ತ ಮೇಲೆ ತವರಿಗೆ ಬಂದವಳು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕಡೆ ಬಿಸಿನೀರಿಗೆ ಕೈ ಹಾಕಿ ಗೂಡಿನ ಎಳೆ ಹಿಡಿಯುವ ಕೆಲಸ ಮಾಡುತ್ತಿದ್ದೆ, ಬೆರಳಿನ ಚರ್ಮ ನಿಲ್ಲದಾದಾಗ ಬಿಟ್ಟೆ. ಅವನು ಇದ್ದ ತುಂಡು ಹೊಲದಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕುವವರಿಗೆ ಸೊಪ್ಪು ಮಾರುತ್ತಿದ್ದ. ಒಂದೇ ಮನೆ, ಒಂದೇ ಒಲೆ, ಹೆಚ್ಚು ಮಾತಿಲ್ಲ.

ಒಂದು ಬೇಸಿಗೆಯಲ್ಲಿ ಕೈವಾರದ ಆಚೆ ಬಂಡೆಗುಡ್ಡಕ್ಕೆ ಶೂಟಿಂಗಿನವರು ಬಂದರು. ದೊಡ್ಡ ಹೀರೋ. ಎಗರಿ ಹಾರಿ ಜನರನ್ನು ಕಾಪಾಡುವ ಕತೆಯಂತೆ. ಅವರ ಮ್ಯಾನೇಜರ್ ಒಬ್ಬ ಶಿಡ್ಲಘಟ್ಟದ ಟೀ ಅಂಗಡಿಯ ಮುಂದೆ ನಿಂತು ಹೋಗುವ ಬರುವ ಗಂಡಸರ ಎತ್ತರ ನೋಡುತ್ತಿದ್ದನಂತೆ. ಸೊಪ್ಪಿನ ಹೊರೆ ಹೊತ್ತು ಹೋಗುತ್ತಿದ್ದ ನನ್ನ ತಮ್ಮ ಕಣ್ಣಿಗೆ ಬಿದ್ದ. ಆ ಮ್ಯಾನೇಜರ್ ಹೊರೆ ಇಳಿಸಿ ಅಳತೆ ಟೇಪು ಹಿಡಿದ. ಆಮೇಲೆ ಕಾರಿನಲ್ಲಿ ಕೂರಿಸಿಕೊಂಡು ಮನೆಗೇ ಬಂದ.

"ಅಮ್ಮ, ನಿಮ್ಮ ತಮ್ಮನ ಬಾಡಿ ನಮ್ಮ ಸಾರ್ ಬಾಡಿಗೆ ಕರೆಕ್ಟಾಗಿ ಮ್ಯಾಚ್ ಆಗತ್ತೆ" ಅಂದ.

"ಐವತ್ತು ದಾಟಿದೆ ಅವನಿಗೆ" ಅಂದೆ.

"ಮುಖ ಕಾಣಲ್ಲಮ್ಮ. ದೂರದಿಂದ ತೆಗೆಯೋದು. ಬಂಡೆ ಮೇಲೆ ನಿಲ್ಲೋದು, ನಡೆಯೋದು, ಸೊಂಟಕ್ಕೆ ಹಗ್ಗ ಕಟ್ಕೊಂಡು ಸ್ವಲ್ಪ ಎಗರೋದು, ಅಷ್ಟೇ. ಸಾರ್ ಇಷ್ಟು ಬಿಸಿಲಲ್ಲಿ ನಿಂತ್ರೆ ಸ್ಕಿನ್ ಹಾಳಾಗತ್ತೆ."

"ಇವನ ಚರ್ಮ ಏನು ಎಮ್ಮೆದಾ?"

"ಅಕ್ಕ, ನೀನು ಸುಮ್ನಿರು" ಅಂದ ತಮ್ಮ. ಮ್ಯಾನೇಜರ್ ಕಡೆ ತಿರುಗಿ, "ಮುಖ ಕಾಣಲ್ಲ ಅಂದ್ರೆ? ಮುಖವಾಡ ಇರತ್ತಾ ಸ್ವಾಮಿ?" ಅಂತ ಕೇಳಿದ.

"ಇರತ್ತೆ. ಫುಲ್ ಕವರ್. ಕಣ್ಣು, ಬಾಯಿ ಹತ್ರ ಮಾತ್ರ ತೂತು."

ಅಷ್ಟು ಕೇಳಿದ್ದಕ್ಕೇ ತಮ್ಮನ ಮುಖದ ಬಣ್ಣ ಬದಲಾಯಿತು. ಸಿನಿಮಾ ಆಸೆ ಅಲ್ಲ ಅದು, ನನಗೆ ಗೊತ್ತು. ಅವನು ಹೀರೋಗಳ ಸಿನಿಮಾ ನೋಡುವವನೇ ಅಲ್ಲ.

ಆ ದಿನ ಊಟಕ್ಕೆ ಮೊಟ್ಟೆ ಸಾರು ಮಾಡಿದ್ದೆ. ತಟ್ಟೆ ಸರಿಸಿದ.

"ಇವತ್ತಿಂದ ನನಗೆ ಬೇಡಕ್ಕ. ಉಪ್ಪಿನಕಾಯಿ ಹಾಕು ಸಾಕು."

"ಯಾಕೋ, ಹೊಟ್ಟೆ ಸರಿಯಿಲ್ವಾ?"

"ವೇಷ ಕಟ್ಬೇಕಲ್ಲ."

"ಲೇ, ಅದು ಸಿನಿಮಾ ಡ್ರೆಸ್ಸು ಕಣೋ. ಯಾವನೋ ದರ್ಜಿ ಹೊಲಿದಿರೋದು."

"ನಮ್ಮ ಮುಖವಾಡಾನೂ ಬಡಗಿ ಕೆತ್ತಿದ್ದೇ ತಾನೆ?"

ಮೊಟ್ಟೆ ತೆಗೆದಿಟ್ಟು ಉಪ್ಪಿನಕಾಯಿ ಹಾಕಿದೆ. ಅವನು ಮೀಸೆ ಬೋಳಿಸಿಕೊಂಡು, ಮಂಚ ಬಿಟ್ಟು ಚಾಪೆ ಹಾಸಿಕೊಂಡ.

ಬೆಳಿಗ್ಗೆ ತಣ್ಣೀರು ಹುಯ್ದುಕೊಂಡು ಟೆಂಪೋ ಹತ್ತಿ ಹೋಗುವನು, ಹೊತ್ತು ಮುಳುಗಿದ ಮೇಲೆ ಬರುವನು. ಬಂದವನು ಮೊದಲು ನೀರಿನ ಕೊಡದ ಹತ್ತಿರ ಹೋಗಿ ಕೂರುವನು. ತುಟಿ ಒಡೆದು ರಕ್ತ ಒಣಗಿರುತ್ತಿತ್ತು. ಆ ಡ್ರೆಸ್ಸು ರಬ್ಬರಿನದ್ದು, ಒಳಗೆ ಸ್ಪಂಜು ತುಂಬಿ ತೋಳು, ಎದೆ ದಪ್ಪ ಮಾಡಿರುತ್ತಾರೆ, ಹಾಕಲಿಕ್ಕೇ ಇಬ್ಬರು ಬೇಕು ಅಂದ. ಒಂದು ಸಲ ಹಾಕಿದರೆ ಸಂಜೆ ಬೆಳಕು ಹೋಗುವ ತನಕ ಬಿಚ್ಚುವುದಿಲ್ಲ. ಬೇರೆಯವರಾದರೆ ಸಾಯಂಕಾಲದೊಳಗೆ ಎಷ್ಟೋ ಸಲ ನೀರು ಕೇಳುತ್ತಾರೆ, ಒಂದಕ್ಕೆ ಹೋಗಬೇಕು ಅನ್ನುತ್ತಾರೆ, ಜಿಪ್ಪು ಎಳೆದು ಅಂಟು ಕಿತ್ತು ಮತ್ತೆ ಹಚ್ಚಬೇಕು. ಇವನು ಏನನ್ನೂ ಕೇಳುವುದಿಲ್ಲ. ಅದಕ್ಕೇ ಅವರಿಗೆ ಇವನು ಬಹಳ ಹಿಡಿಸಿದ.

"ಸಕ್ಕರೆ ಮಾತ್ರೆ ತಗೊಂಡ್ಯಾ?" ಅಂತ ಕೇಳಿದೆ.

"ಮಾತ್ರೆ ತಗೊಂಡ್ರೆ ಊಟ ಮಾಡ್ಬೇಕು. ಬೆಳಿಗ್ಗೆ ಊಟ ಮಾಡಂಗಿಲ್ಲ."

"ಮತ್ತೆ?"

"ಮುಗೀಲಿ, ಆಮೇಲೆ ತಗೋತೀನಿ."

ಹಗ್ಗ ಕಟ್ಟಿ ಎಗರಿಸಿ ಎಗರಿಸಿ ಸೊಂಟ, ತೊಡೆ ಎಲ್ಲ ಕಂದುಗಟ್ಟಿತ್ತು. ಅದಕ್ಕೆ ಶೂಟಿಂಗಿನವನೊಬ್ಬ ನೋವಿನ ಮಾತ್ರೆಯ ಶೀಟು ಕೊಟ್ಟಿದ್ದ. ಅದನ್ನು ಮಾತ್ರ ವೇಷ ಇಳಿಸಿದ ಮೇಲೆ ಖಾಲಿ ಹೊಟ್ಟೆಯಲ್ಲಿ ನುಂಗುತ್ತಿದ್ದ. ಒಂದಲ್ಲ, ಎರಡೆರಡು.

ತಡೆಯಲಾಗದೆ ಒಂದು ದಿನ ನಾನೇ ಹೋದೆ. ಮುದ್ದೆ, ಬಸ್ಸಾರು ಡಬ್ಬಿಗೆ ಹಾಕಿ, ಮಜ್ಜಿಗೆಯನ್ನು ಬಾಟಲಿಗೆ ತುಂಬಿ, ಕೈವಾರದ ಬಸ್ಸಿಗೆ ಹತ್ತಿ, ಇಳಿದು ನಡೆದೆ. ಗುಡ್ಡದ ಕೆಳಗೆ ಜಾತ್ರೆಯಷ್ಟು ಜನ. ಎಲ್ಲರ ಕೈಯೂ ಮೇಲೆ, ಕೈಯಲ್ಲಿ ಮೊಬೈಲು. ಅಲ್ಲಿ ಒಂದೇ ಥರದ ವೇಷದವರು ಇಬ್ಬರಿದ್ದರು. ತಾಮ್ರದ ಬಣ್ಣ, ಬೆನ್ನಿಗೆ ಬೂದು ಬಣ್ಣದ ಉದ್ದನೆ ಬಟ್ಟೆ. ಒಬ್ಬನು ಕೆಳಗೆ ದೊಡ್ಡ ಛತ್ರಿಯ ನೆರಳಲ್ಲಿ, ಮುಖವಾಡ ತೆಗೆದು ತೊಡೆ ಮೇಲಿಟ್ಟುಕೊಂಡು, ಫ್ಯಾನಿನ ಮುಂದೆ ಕಾಲು ಚಾಚಿ ಎಳನೀರು ಹೀರುತ್ತಿದ್ದ. ಇನ್ನೊಬ್ಬ ಮೇಲೆ ಬಂಡೆಯ ತುದಿಯಲ್ಲಿ ನಿಂತಿದ್ದ. ಬಂಡೆ ಕಾದು ಅದರ ಮೇಲಿನ ಗಾಳಿ ನಡುಗುತ್ತಿತ್ತು. ಜನ ಕೆಳಗೆ ಕೂತಿದ್ದವನ ಫೋಟೋ ಹಿಡಿಯುತ್ತಿದ್ದರು. ನನ್ನ ಪಕ್ಕದ ಮುದುಕಿ ಮಾತ್ರ ಮೇಲಿನವನಿಗೆ ಕೈ ಮುಗಿದಳು.

"ಅವನಿಗ್ಯಾಕಮ್ಮ ಕೈ ಮುಗೀತೀಯ?" ಅಂದೆ.

"ಎತ್ತರದಲ್ಲಿ ನಿಂತವ್ನೆ, ಇರಲಿ ಅಂತ" ಅಂದಳು.

ನಾನು ಜನರನ್ನು ತಡೆಯಲು ಕಟ್ಟಿದ್ದ ಹಗ್ಗ ದಾಟಿಕೊಂಡು ಹೀರೋ ಹತ್ತಿರಕ್ಕೇ ಹೋದೆ. ಯಾರೋ ತಡೆದರು. ಅವನು ಬಿಡಿ ಅಂದ. ಒಳ್ಳೆಯ ಮಾತು, ಒಳ್ಳೆಯ ಹಲ್ಲು.

"ಬನ್ನಿ ಅಮ್ಮ, ಊಟ ಆಯ್ತಾ? ಫೋಟೋ ಬೇಕಾ?"

"ಫೋಟೋ ಬೇಡಪ್ಪ. ಮೇಲೆ ನಿಂತಿರೋನು ನನ್ನ ತಮ್ಮ. ಬೆಳಿಗ್ಗೆಯಿಂದ ಒಂದು ತೊಟ್ಟು ನೀರು ಕುಡಿದಿಲ್ಲ. ಸಕ್ಕರೆ ಕಾಯಿಲೆ ಇದೆ. ನೀನು ಹೇಳಿದ್ರೆ ಕುಡೀತಾನೆ."

ಅಷ್ಟರಲ್ಲಿ ಮ್ಯಾನೇಜರ್ ಓಡಿ ಬಂದ. "ನಾವು ಕೊಡ್ತಾನೇ ಇದೀವಿ ಸಾರ್. ಅವ್ರೇ ಮುಟ್ಟಲ್ಲ. ಡ್ರೆಸ್ ಹಾಕಿದ ಮೇಲೆ ಮಾತೂ ಆಡಲ್ಲ. ಅವ್ರ ಕಡೆ ಏನೋ ವ್ರತ ಅಂತೆ. ಭಾಳ ಡೆಡಿಕೇಶನ್."

ಹೀರೋ ಎಳನೀರು ಕೆಳಗಿಟ್ಟ. "ಹೌದಾ? ಕರೀರಿ ಅವ್ರನ್ನ" ಅಂದ.

ತಮ್ಮ ಇಳಿದು ಬಂದ. ನನ್ನನ್ನು ನೋಡಿದ, ನೋಡದವನ ಹಾಗೆ ನಿಂತ. ಹೀರೋ ಒಂದು ಹೊಸ ಎಳನೀರು ತರಿಸಿ ತನ್ನ ಕೈಯಾರೆ ಕೊಟ್ಟ. ಇವನು ಎರಡೂ ಕೈ ಜೋಡಿಸಿ, ಮುಖವಾಡ ಅತ್ತಿತ್ತ ಆಡಿಸಿ, ಬೇಡ ಅಂದ. ನಾನು ಮಜ್ಜಿಗೆ ಬಾಟಲಿ ಮುಂದೆ ಹಿಡಿದೆ. ಅದಕ್ಕೂ ತಲೆ ಆಡಿಸಿದ. ಬಾಯಿಯ ತೂತಿನೊಳಗೆ ನಾಲಿಗೆ ಬೆಳ್ಳಗೆ ಕಾಣುತ್ತಿತ್ತು.

"ನೀನು ಅದೇ ಡ್ರೆಸ್ಸಲ್ಲಿ ಕುಡೀತಿದ್ದೀಯಲ್ಲಪ್ಪ. ನಿನಗೇನಾದ್ರೂ ಆಯ್ತಾ? ಸ್ವಲ್ಪ ಬುದ್ಧಿ ಹೇಳು" ಅಂದೆ ಹೀರೋಗೆ.

"ನಾನು ಪಾಪಿ ಅಮ್ಮ, ನನಗೆ ನಡೆಯತ್ತೆ" ಅಂತ ನಕ್ಕ. ಆಮೇಲೆ ಇವನನ್ನು ತಬ್ಬಿಕೊಂಡ. ಒಂದೇ ಥರದ ಇಬ್ಬರು ತಬ್ಬಿಕೊಂಡದ್ದನ್ನು ಅಲ್ಲಿದ್ದ ಮೊಬೈಲುಗಳೆಲ್ಲ ಹಿಡಿದವು. ಹೀರೋ ಮೊಬೈಲುಗಳ ಕಡೆ ತಿರುಗಿ, "ನಾವೆಲ್ಲ ಸುಮ್ನೆ. ನಿಜವಾದ ಹೀರೋ ಇವ್ರು" ಅಂದ. ಜನ ಕೂಗಿದರು. ಕೆಟ್ಟವನಲ್ಲ ಅವನು. ಆ ಮಾತು ಆಡದೆ ಇದ್ದಿದ್ದರೆ ಇನ್ನೂ ಒಳ್ಳೆಯವನಾಗುತ್ತಿದ್ದ.

ತಮ್ಮ ತಿರುಗಿ ಬಂಡೆ ಹತ್ತಿದ. ನಾನು ಮುದ್ದೆ ಡಬ್ಬಿ ಅಲ್ಲಿ ಲೈಟು ಹೊರುವವನಿಗೆ ಕೊಟ್ಟು ಬಂದೆ.

ಸಂಜೆ ಮನೆಯಲ್ಲಿ ಅವನನ್ನು ಹಿಡಿದುಕೊಂಡೆ. "ಅವನು ಎಳನೀರು ಕುಡೀತಾನೆ, ಸಿಗರೇಟು ಸೇದ್ತಾನೆ, ಎಲ್ಲ ಆ ಡ್ರೆಸ್ಸಲ್ಲೇ. ನಿನಗೊಬ್ಬನಿಗೇ ಏನೋ ಕೊಂಬು?"

"ಅವ್ರ ಮೈಮೇಲೆ ಬಟ್ಟೆ ಇದೆ ಅಕ್ಕ. ನನ್ನ ಮೈಮೇಲೆ ವೇಷ ಇದೆ."

"ಯಾವ ದೇವರ ವೇಷನೋ ಅದು? ಹೆಸರು ಹೇಳು ನೋಡೋಣ."

ಅವನಿಗೆ ಗೊತ್ತಿರಲಿಲ್ಲ. ಏನೋ ಇಂಗ್ಲಿಷ್ ಹೆಸರು, ಅವನ ಬಾಯಿಗೆ ತಿರುಗುತ್ತಿರಲಿಲ್ಲ. ಸ್ವಲ್ಪ ಯೋಚಿಸಿ, "ಜನಾನ ಕಾಪಾಡೋನಂತೆ. ಅಷ್ಟು ಸಾಕಲ್ಲ" ಅಂದ.

"ಇಳಿಸುವಾಗ ಮಂಗಳ ಯಾರು ಹಾಡ್ತಾರೆ? ಆ ಮ್ಯಾನೇಜರ್ರಾ?"

"ನಾನೇ ಒಳಗೊಳಗೆ ಹಾಡ್ಕೋತೀನಿ."

ಆ ತಬ್ಬಿಕೊಂಡ ವಿಡಿಯೋ ಊರೂರು ತಿರುಗಿತು. ಚಿಂತಾಮಣಿ, ಗೌರಿಬಿದನೂರಿನ ನೆಂಟರೆಲ್ಲ ಫೋನು ಮಾಡಿದರು. ನಮ್ಮ ಊರ ಹುಡುಗರು ಬಸ್ ನಿಲ್ಲುವ ಕಡೆ ಫ್ಲೆಕ್ಸ್ ಕಟ್ಟಿದರು. ಅದರಲ್ಲಿ ಹೀರೋ ಆಳೆತ್ತರ, ಕಟ್ಟಿಸಿದ ಹುಡುಗರು ಸಾಲಾಗಿ ಎದೆಮಟ್ಟ, ನನ್ನ ತಮ್ಮ ಮೂಲೆಯಲ್ಲಿ ಒಂದು ದುಂಡನೆ ಬೊಟ್ಟಿನಷ್ಟು. ಅದೂ ರೇಷನ್ ಕಾರ್ಡಿನ ಫೋಟೋ. ಆ ವಿಡಿಯೋ ಬಂದ ಮೇಲಂತೂ ಅವನಿಗೆ ನೀರು ಕುಡಿಸುವುದು ಯಾರಿಂದಲೂ ಆಗುವ ಮಾತಾಗಿರಲಿಲ್ಲ. ವೇಷ ಕಟ್ಟಿ ಜನರ ಮುಂದೆ ನೇಮ ಹೇಳಿಕೊಂಡ ಹಾಗಾಗಿತ್ತು.

ಶೂಟಿಂಗ್ ಮುಗಿಯುವ ಹೊತ್ತಿಗೆ ಕಾಲು ಊದಿತು. ಮೊದಲು ಹಗ್ಗ ಬಿಗಿದದ್ದಕ್ಕೆ ಅಂದುಕೊಂಡೆವು. ಆಮೇಲೆ ಮುಖ ಊದಿತು, ವಾಂತಿ ಹಿಡಿಯಿತು, ಮೂತ್ರ ಮೊದಲು ಡಿಕಾಕ್ಷನ್ ಹಾಗೆ ಬಂದು ಆಮೇಲೆ ನಿಂತೇ ಹೋಯಿತು. ಚಿಂತಾಮಣಿಯಲ್ಲಿ ನೋಡಿದವರು ಚಿಕ್ಕಬಳ್ಳಾಪುರಕ್ಕೆ ಕಳಿಸಿದರು. ಅಲ್ಲಿ ಡಾಕ್ಟರಮ್ಮ, ಮಗಳ ವಯಸ್ಸಿನವಳು, ಚೀಟಿಗಳನ್ನೆಲ್ಲ ನೋಡಿ ನನ್ನನ್ನು ನೋಡಿದಳು.

"ಬಿಸಿಲಲ್ಲಿ ನೀರು ಕುಡಿದಿಲ್ಲ, ಸಕ್ಕರೆ ಮಾತ್ರೆ ಬಿಟ್ಟಿದಾರೆ, ಮೇಲೆ ಇಷ್ಟು ನೋವಿನ ಮಾತ್ರೆ. ಮನೇಲಿ ಯಾರೂ ಹೇಳ್ಲಿಲ್ವಾಮ್ಮ?"

"ಹೇಳಿದೆ."

"ಏನಂದ್ರು?"

"ವೇಷ ಅಂದ."

"ಯಾವ ವೇಷ?"

"ಬಿಡಮ್ಮ, ಮುಂದೇನು ಹೇಳು" ಅಂದೆ.

ಕೆಲವು ಸಲ ರಕ್ತ ಶುದ್ಧ ಮಾಡಿದರೆ ಕಿಡ್ನಿ ತಿರುಗಿ ಕೆಲಸ ಹಿಡಿದರೂ ಹಿಡಿಯಬಹುದು ಅಂದಳು. ಹಿಡಿಯಲಿಲ್ಲ. ಆಮೇಲೆ ಅವಳು ಆ ಮಾತು ಎತ್ತಲಿಲ್ಲ, ನಾವೂ ಕೇಳಲಿಲ್ಲ.

ಮ್ಯಾನೇಜರ್ ಒಂದು ಸಲ ನೋಡಲು ಬಂದಿದ್ದ. ಹೀರೋ ಕಳಿಸಿದ್ದಾನೆ ಅಂತ ಎಳನೀರಿನ ಗೊನೆಯನ್ನೇ ತಂದಿದ್ದ. ಈ ಕಾಯಿಲೆಗೆ ಎಳನೀರು ವಿಷ ಅಂತ ನರ್ಸು ಹೇಳಿದಳು. ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಗೊನೆಯನ್ನು ವಾರ್ಡಿಗೆ ಬಂದ ಬೇರೆಯವರ ನೆಂಟರು ಕುಡಿದರು. ನನ್ನ ತಮ್ಮ ಮಲಗಿದ್ದಲ್ಲಿಂದ ಅವರ ಗಂಟಲನ್ನೇ ನೋಡುತ್ತಿದ್ದ.

ಕೆಲಸ ಬಿಟ್ಟ ಕಿಡ್ನಿಗೆ ನೀರು ಆಚೆ ಹಾಕಲಿಕ್ಕೆ ಆಗುವುದಿಲ್ಲ. ಕುಡಿದದ್ದೆಲ್ಲ ಮೈಯಲ್ಲೇ ನಿಲ್ಲುತ್ತದೆ, ಎದೆಗೆ ಏರುತ್ತದೆ, ಉಸಿರು ಕಟ್ಟುತ್ತದೆ. ಅದಕ್ಕೆ ದಿನಕ್ಕೆ ಎರಡು ಲೋಟ ನೀರು, ಸಾರು ಮಜ್ಜಿಗೆ ಎಲ್ಲ ಅದರಲ್ಲೇ ಸೇರಿ. ಆ ಲೋಟ ಹಿಡಿದು ಕಾಯುವವಳು ನಾನು. ಕೊಡಕ್ಕೆ ಮುಚ್ಚಳ ಹಾಕಿ ಮೇಲೆ ರುಬ್ಬುಗುಂಡು ಇಟ್ಟಿದ್ದೇನೆ. ಅವನು ಬಚ್ಚಲಿಗೆ ಹೋದರೆ ಬಾಗಿಲು ಹಾಕಬೇಡ ಅನ್ನುತ್ತೇನೆ. ಒಂದು ಮಧ್ಯಾಹ್ನ ಹಿತ್ತಲಲ್ಲಿ ಪಾತ್ರೆ ತೊಳೆಯುವ ಬಕೆಟ್ಟಿಗೆ ಬಾಯಿ ಹಾಕಿದ್ದ. ಎಳೆದು ಕೂರಿಸಿದೆ.

"ಕುಡಿ ಕುಡಿ ಅಂತ ಬೆಟ್ಟದ ತನಕ ಬಂದು ಹಿಡಿದೆನಲ್ಲೋ, ಆಗ ಬೇಡವಾಗಿತ್ತಾ?" ಅಂದೆ.

ಅವನು ಗಲ್ಲ ಒರೆಸಿಕೊಂಡ. ಆ ಮಾತಿನಿಂದ ಏನೂ ಉಪಯೋಗ ಆಗಲಿಲ್ಲ. ಮತ್ತೆ ಆಡಲಿಲ್ಲ.

ಸಿನಿಮಾ ಬಂದಾಗ ಡಯಾಲಿಸಿಸ್ ಇಲ್ಲದ ದಿನ ನೋಡಿ ಚಿಂತಾಮಣಿಗೆ ಕರೆದುಕೊಂಡು ಹೋದೆ. ನನಗೆ ಬೇಕಿರಲಿಲ್ಲ. ಅವನು ಕೇಳಿದ. ಥಿಯೇಟರ್ ಅರ್ಧ ಖಾಲಿ. ಪರದೆಯ ಮೇಲೆ ಆ ತಾಮ್ರದ ಮನುಷ್ಯ ಬಂದಾಗಲೆಲ್ಲ ನಾನು ಇದು ಅವನೋ ಇವನೋ ಅಂತ ನೋಡುತ್ತಿದ್ದೆ. ಗೊತ್ತಾಗುತ್ತಿರಲಿಲ್ಲ. ಅವನಿಗೆ ಗೊತ್ತಾಗುತ್ತಿತ್ತು.

"ಇದು ನಾನು. ಇಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು" ಅಂತ ಕಿವಿಯಲ್ಲಿ ಹೇಳುತ್ತಿದ್ದ. "ಇದು ಅವ್ರು. ಇದು ನಾನು, ಕಣ್ಣು ಕತ್ತಲೆ ಬಂದು ಎರಡು ಕಾಣ್ತಿತ್ತು. ಇದೂ ನಾನೇ. ಎಂಜಲೂ ಇರ್ಲಿಲ್ಲ ನುಂಗೋಕೆ."

ಸಿನಿಮಾದಲ್ಲಿ ಹೀರೋ ಒಂದು ಊರನ್ನು ಕಾಪಾಡಿದ. ಎಲ್ಲರೂ ಬದುಕಿಕೊಂಡರು. ಕೊನೆಗೆ ಕೆಲಸ ಮಾಡಿದವರ ಹೆಸರುಗಳು ಬಂದವು. ನನ್ನ ಓದು ನಿಧಾನ, ಹೆಸರುಗಳು ಸರಸರ ಮೇಲಕ್ಕೆ ಹೋದವು. ಇವನದು ಇತ್ತೋ ಇಲ್ಲವೋ ನಾನು ಹೇಳಲಾರೆ. ಆಚೆ ಬಂದ ಮೇಲೆ, "ನಿಂತಿದ್ದು ಚೆನ್ನಾಗಿ ಬಂದಿದೆ ಅಲ್ವಾ?" ಅಂದ. "ಬಂದಿದೆ" ಅಂದೆ. ಬಂದಿತ್ತು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಈ ಸಲದ ಬೇಸಿಗೆ ಹತ್ತಿರ ಬಂದಾಗ ಒಂದು ದಿನ ನಾನು ಸೊಸೈಟಿಯಿಂದ ಅಕ್ಕಿ ತಂದು ಇಳಿಸಿದೆ, ಇವನು ಕನ್ನಡಿ ಮುಂದೆ ಕೂತು ಮೀಸೆ ಬೋಳಿಸಿಕೊಳ್ಳುತ್ತಿದ್ದ. ಮೂಲೆಯಲ್ಲಿ ಚಾಪೆ ಹಾಸಿತ್ತು.

"ಏನೋ ಇದು?"

"ಮ್ಯಾನೇಜರ್ ಫೋನ್ ಮಾಡಿದ್ರು ಅಕ್ಕ. ಎರಡನೇ ಭಾಗ ಮಾಡ್ತಾರಂತೆ. ಸಾರ್ ನನ್ನೇ ಕೇಳಿದ್ರಂತೆ. ಹೇಗಿದ್ದೀರ ಅಂದ್ರು. ಚೆನ್ನಾಗಿದ್ದೀನಿ, ಬರ್ತೀನಿ ಅಂದೆ."

ನಾನು ಅಕ್ಕಿ ಚೀಲದ ಮೇಲೇ ಕೂತೆ. ಅವನ ಕೈ ನೋಡಿದೆ. ಸೂಜಿ ಹಾಕುವ ಜಾಗದಲ್ಲಿ ರಕ್ತನಾಳ ಊದಿ ಹುರಿಹಗ್ಗ ಸುತ್ತಿದ ಹಾಗಿದೆ. ಆ ತೋಳು ಆ ರಬ್ಬರಿನೊಳಗೆ ಹೋಗುವುದಿಲ್ಲ. ಹೋದರೂ ಅದರ ಮೇಲೆ ಒಂದು ಹಗ್ಗ ಬಿಗಿದರೆ ಮುಗಿಯಿತು.

"ಡಯಾಲಿಸಿಸ್‌ಗೆ ಯಾರು ಹೋಗ್ತಾರೆ?"

"ಶೂಟಿಂಗ್ ಇರೋ ದಿನ ಬಿಡಣ. ಒಂದು ವಾರ ಬಿಟ್ರೆ ಏನೂ ಆಗಲ್ಲ."

"ಸತ್ತೋಗ್ತೀಯ ಕಣೋ."

"ಇಲ್ಲಕ್ಕ" ಅಂದ. ಅವನ ಮುಖದಲ್ಲಿ ಅಂಥ ಕಳೆ ನಾನು ಕಾಯಿಲೆ ಬಂದ ಮೇಲೆ ನೋಡಿರಲಿಲ್ಲ. "ಹೋದ ಸಲ ನಾನು ನೇಮ ಹಿಡಿದಿದ್ದೆ, ಮೈ ಒಪ್ಪಲಿಲ್ಲ. ಈಗ ಡಾಕ್ಟ್ರೇ ನೀರು ಬೇಡ ಅಂದವ್ರೆ. ಮೈಗೂ ಅಭ್ಯಾಸ ಆಗಿದೆ. ಈ ಸಲ ಇನ್ನೂ ಚೆನ್ನಾಗಿ ಕಟ್ತೀನಿ ನೋಡು."

ಅದನ್ನು ಅವನು ನಂಬಿದ್ದ. ಅವತ್ತಿನಿಂದ ನಾನು ಕೊಡುತ್ತಿದ್ದ ಎರಡು ಲೋಟದಲ್ಲೂ ಒಂದನ್ನು ತಿರುಗಿ ಕೊಡತೊಡಗಿದ. ಅಡುಗೆಗೆ ಹಾಕಿಕೋ ಅಂದ. ಡಾಕ್ಟರಮ್ಮನಿಗೆ ಹೇಳಿದೆ, ಅವಳು ಬೈದಳು, ಇವನು ಹೂಂ ಹೂಂ ಅಂದು ಬಂದ. ಊರ ಹುಡುಗರಿಗೆ ಹೇಳಿದೆ, ಅವರು ಹೊಸ ಫ್ಲೆಕ್ಸ್ ಮಾತಾಡಿದರು.

ಆಮೇಲೊಂದು ದಿನ ಮ್ಯಾನೇಜರ್ ಮತ್ತೆ ಫೋನ್ ಮಾಡಿದ. ತಮ್ಮ ಜಗಲಿಯ ಮೇಲೆ ಬಿಸಿಲು ಕಾಯಿಸುತ್ತಿದ್ದ, ಫೋನು ಒಳಗೆ ನನ್ನ ಕೈಯ ಹತ್ತಿರ ಇತ್ತು. ಎತ್ತಿಕೊಂಡೆ.

"ಅಮ್ಮ, ನಾಳೆ ಅಳತೆಗೆ ಗಾಡಿ ಕಳಿಸ್ತೀವಿ. ರೆಡಿ ಇರೋಕೆ ಹೇಳಿ ಅವ್ರಿಗೆ."

"ತೀರಿಕೊಂಡ" ಅಂದೆ.

"ಯಾರು?"

"ನನ್ನ ತಮ್ಮ."

"ಅಯ್ಯೋ! ಮೊನ್ನೆ ತಾನೇ ಮಾತಾಡಿದ್ರಲ್ಲಮ್ಮ!"

"ಮೊನ್ನೆ ಇದ್ದ."

ಅವನು ಲೊಚಗುಟ್ಟಿದ. ಸಾರ್‌ಗೆ ತುಂಬ ಬೇಜಾರಾಗತ್ತೆ ಅಂದ, ಏನಾದ್ರೂ ಬೇಕಿದ್ರೆ ಹೇಳಿ ಅಂದ. ಫೋನು ಇಡುವುದಕ್ಕೆ ಮುಂಚೆ, "ಅಮ್ಮ, ತಪ್ಪು ತಿಳ್ಕೋಬೇಡಿ. ನಿಮ್ಮ ಕಡೆ ಅದೇ ಹೈಟು, ಅದೇ ಬಾಡಿ ಇರೋರು ಬೇರೆ ಯಾರಾದ್ರೂ ಇದಾರಾ?" ಅಂದ.

"ಇಲ್ಲ. ಉಳಿದಿರೋರೆಲ್ಲ ಕುಳ್ಳರು" ಅಂತ ಹೇಳಿ ಇಟ್ಟೆ.

ತಿರುಗಿದರೆ ತಮ್ಮ ಬಾಗಿಲಲ್ಲಿ ನಿಂತಿದ್ದ. ಬಾಗಿಲ ಚೌಕಟ್ಟು ಹಿಡಿದು ಕೆಳಗೆ ಕೂತ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ತಿರುಗಿ ಬೈಯಲು ನಾನೂ ತಯಾರಿದ್ದೆ.

"ನನ್ನ ಸಾಯಿಸಿಬಿಟ್ಟೆಯಲ್ಲಕ್ಕ."

"ಹೂಂ."

"ಆ ಸಾರ್‌ಗೂ ಹೇಳ್ತಾರೆ ಈಗ, ಸತ್ತೋದ ಅಂತ."

"ಹೇಳ್ಲಿ."

"ಸತ್ತೋರ ಬಾಯಿಗೆ ನೀರು ಬಿಡ್ತಾರೆ" ಅಂದ. "ಬಿಡು."

ತಮಾಷೆಗೆ ಹೇಳಿದನೋ ನಿಜಕ್ಕೇ ಹೇಳಿದನೋ, ಅವನ ಮುಖದಲ್ಲಿ ಏನೂ ಇರಲಿಲ್ಲ. ಆ ದಿನದ ನೀರು ಆಗಲೇ ಮುಗಿದಿತ್ತು. ನಾನು ಎದ್ದು ರುಬ್ಬುಗುಂಡು ಇಳಿಸಿದೆ. ಲೋಟ ಬಿಟ್ಟು ಚೊಂಬಿನಲ್ಲೇ ಮುಳುಗಿಸಿ ತಂದೆ. ಅವನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಕುಡಿದ. ಕತ್ತಿನ ಮೇಲಿಂದ ಬನಿಯನ್ನಿಗೆ ಇಳಿಯಿತು. ಸಾಕು ಅನ್ನಲಿಲ್ಲ ನಾನು. ಚೊಂಬು ಮುಂದೆ ಚಾಚಿ, "ಇನ್ನೊಂದು" ಅಂದ. ಇನ್ನೊಂದು ಕೊಟ್ಟೆ.

ಮಾರನೆಯ ದಿನ ಚಿಕ್ಕಬಳ್ಳಾಪುರದಲ್ಲಿ ಅವನನ್ನು ತೂಕಕ್ಕೆ ನಿಲ್ಲಿಸಿದ ನರ್ಸು ಎರಡು ಸಲ ನೋಡಿದಳು.

"ಏನ್ ತಾತ ಇದು, ಇಷ್ಟೊಂದು ಏರಿದೆ! ಎಷ್ಟು ಕುಡಿದ್ರಿ?"

"ಹೊಟ್ಟೆ ತುಂಬ ಕುಡಿದೆ ಕಣಮ್ಮ" ಅಂದ. ಮೇಲುಸಿರು ಬಿಡುತ್ತಿದ್ದ, ಹೇಳುವಾಗ ನಡುವೆ ನಿಲ್ಲಿಸಬೇಕಾಯಿತು.

ಅವಳು ನನ್ನ ಕಡೆ ತಿರುಗಿ ವಾರ್ಡಿಗೆಲ್ಲ ಕೇಳುವ ಹಾಗೆ ಬೈದಳು. ಬೈಸಿಕೊಂಡೆ. ಆ ದಿನ ಯಂತ್ರದಲ್ಲಿ ಹೆಚ್ಚು ಹೊತ್ತು ಇಟ್ಟರು. ಶಿಡ್ಲಘಟ್ಟದ ಬಸ್ಸು ತಪ್ಪಿತು, ಇನ್ನೊಂದಕ್ಕೆ ಕಾದೆವು.

ಅದಾದ ಮೇಲೆ ಅವನು ಸಿನಿಮಾದ ಮಾತು ಎತ್ತಿಲ್ಲ, ಕೇಳಿಕೆಯ ಮಾತೂ ಎತ್ತಿಲ್ಲ. ಮೀಸೆ ತಿರುಗಿ ಬಂದಿದೆ, ಪೂರ್ತಿ ಬೆಳ್ಳಗೆ. ನೀರಿನ ಮಾತೊಂದೇ ಆಡುತ್ತಾನೆ. ಬೆಳಿಗ್ಗೆ ಎದ್ದರೆ ಅದು, ಬಸ್ಸಿನಲ್ಲಿ ಅದು, ಮಲಗುವಾಗ ಅದು. ನಾನು ಕೊಡುವುದಿಲ್ಲ.